ಜಮಖಂಡಿಯಲ್ಲಿ ಕಂಡ ಗೆರೆ, ಕುಂಭ ರಾಶಿಯ ಚುಕ್ಕಿ

ಮಕ್ಕಳೇ, ಒಲೆಯ ಉರಿಗೆ ಚಿಟಿಕೆ ಉಪ್ಪು ಬಿದ್ದರೆ ಏನಾಗುತ್ತದೆ? ಅಜ್ಜಿಯನ್ನು ಕೇಳಿ. ಉರಿ ಹಳದಿಯಾಗುತ್ತದೆ. ಆ ಹಳದಿ ಉಪ್ಪಿನೊಳಗಿನ ಸೋಡಿಯಂನದು. ಪ್ರತಿಯೊಂದು ಮೂಲವಸ್ತುವಿಗೂ ಅದರದೇ ಬಣ್ಣದ ಗೆರೆಗಳಿವೆ. ಅವನ್ನು ಬಿಡಿಸಿ ತೋರಿಸುವ ಉಪಕರಣವೇ ರೋಹಿತದರ್ಶಕ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ನಮ್ಮ ಜಮಖಂಡಿ ಮಾತ್ರವಲ್ಲ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯೂ ಆ ನೆರಳಿನೊಳಗೆ ಬಂದವು. ಅದನ್ನು ನೋಡಲು ರೋಹಿತದರ್ಶಕ ಹೊತ್ತು ಜಮಖಂಡಿಗೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಮಳೆಗಾಲದ ಮೋಡ ಸರಿದಾಗ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆ ಗೆರೆ ಸೋಡಿಯಂನದೇ ಎಂದು ಅವರು ಬಗೆದರು.

ಆದರೆ ಆ ಗೆರೆ ಸೋಡಿಯಂ ಗೆರೆಗಳಿಂದ ಕೂದಲೆಳೆಯಷ್ಟು ಪಕ್ಕದಲ್ಲಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಅಳೆದು ನೋಡಿದರು. ಅದು ಹೊಸ ಮೂಲವಸ್ತು, ಹೀಲಿಯಂ! ಭೂಮಿಯ ಮೇಲೆ ಅದು ವಿಲಿಯಂ ರಾಮ್ಸೆ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ.

ಬಹುತೇಕ ನಕ್ಷತ್ರಗಳ ಹೊರಮೈಯಲ್ಲಿ ಜಲಜನಕವೇ ಹೆಚ್ಚು. ಆದರೆ ಹೀಲಿಯಂ ತುಂಬಿದ ಪುಟ್ಟ, ಬಲು ಬಿಸಿಯಾದ ನಕ್ಷತ್ರಗಳೂ ಇವೆ. ಅವು ಉಪಕುಬ್ಜಗಳು. ಕುಂಭ ರಾಶಿಯ ‘ವಿ 366’ ಅಂಥದ್ದು. ಅದರ ಬೆಳಕು ಏರಿಳಿಯುವುದು 2005ರಲ್ಲಿ ಗೊತ್ತಾಯಿತು. ಏರಿಳಿತ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಂದೊಂದು ಸುತ್ತಿಗೆ ಅರ್ಧ ತಾಸಿನಿಂದ ಸುಮಾರು ಒಂದೂವರೆ ತಾಸು.

ಕಾರಣವೇನು? ಬೇರೆ ಕೆಲವು ಉಪಕುಬ್ಜಗಳಲ್ಲಿ ಜೊತೆಯ ನಕ್ಷತ್ರ ಅಡ್ಡ ಬಂದು ಬೆಳಕು ಕುಗ್ಗುತ್ತದೆ. ಇನ್ನು ಕೆಲವು ತಾವೇ ಮಿಡಿಯುತ್ತವೆ. ಅನ್ನದ ಗಡಿಗೆಯ ಮುಚ್ಚಳ ನೆನಪಿಸಿಕೊಳ್ಳಿ. ಉಗಿ ಸೇರಿ ಮುಚ್ಚಳವನ್ನು ಎತ್ತುತ್ತದೆ, ಹೊರಹೋದೊಡನೆ ಮುಚ್ಚಳ ಇಳಿಯುತ್ತದೆ, ಮತ್ತೆ ಏಳುತ್ತದೆ. ನಕ್ಷತ್ರದೊಳಗೂ ಒಂದು ಪದರ ಹಾಗೆ ಶಾಖವನ್ನು ತಡೆದು, ಬಿಟ್ಟು ಮಾಡುತ್ತದೆ. ಆ ಪದರದಲ್ಲಿ ಮುಚ್ಚಳದ ಕೆಲಸ ಮಾಡುವುದು ಕಬ್ಬಿಣದ ಜಾತಿಯ ವಸ್ತುಗಳು ಎಂಬುದು ಮೊದಲಿನಿಂದ ಗೊತ್ತಿತ್ತು. ಆದರೆ ವಿ 366ರ ಬಿಸಿಗೆ ಆ ಲೆಕ್ಕ ಕೂಡಲಿಲ್ಲ. ಹಳೆಯ ಉತ್ತರಕ್ಕೇ ಜೋತುಬೀಳದೆ ಹುಡುಕಿದ ಹಿದೆಯುಕಿ ಸಾಯೋ ಮತ್ತು ಸೈಮನ್ ಜೆಫರಿ, ಇದು ಇಂಗಾಲ ಮತ್ತು ಆಮ್ಲಜನಕದ ಕೆಲಸವಿರಬೇಕೆಂದು 2019ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಗುರುತಿನವರಂತೆ ಕಂಡವರೆಲ್ಲ ಗುರುತಿನವರಲ್ಲ. ಜಮಖಂಡಿಯ ಆ ಗೆರೆಯೂ ಕುಂಭದ ಈ ಚುಕ್ಕಿಯೂ ಹೇಳುವುದು ಅದನ್ನೇ: ಇನ್ನೊಮ್ಮೆ ಅಳೆದು ನೋಡಿ.