ಮಣ್ಣಪಳ್ಳದ ಹಾಳು ಅಂಚು

ಮಣಿಪಾಲದ ಮಣ್ಣಪಳ್ಳಕ್ಕೆ ವಾಯುವಿಹಾರಕ್ಕೆಂದು ಬರುವ ಹಲವರು, ನೀರಿನ ಮೇಲಿನ ಎಲೆಗಳನ್ನೂ ದಡದ ಜೊಂಡನ್ನೂ ಕಂಡು "ಕೆರೆ ಹಾಳುಬಿದ್ದಿದೆ, ಶುಚಿಗೊಳಿಸಬಾರದೇ?" ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಬೆಳ್ಳಕ್ಕಿ, ನೀರುಕಾಗೆಗಳು ಎಲ್ಲಿಯಾದರೂ ಕಾಣಸಿಗುತ್ತವೆ. ಅಪರೂಪದ ಹಕ್ಕಿಗಳಿಗೆ ಬೇಕಾದುದು ಈ ಹಾಳು ಅಂಚೇ.

ಉದ್ದ ಬಾಲದ ದೇವನಕ್ಕಿಯನ್ನೇ ನೋಡಿ. ನೀಳವಾದ ಬೆರಳುಗಳನ್ನು ಅಗಲಿಸಿ ತೇಲುವ ಎಲೆಗಳ ಮೇಲೆಯೇ ಅದರ ನಡಿಗೆ. ಮಳೆಗಾಲದಲ್ಲಿ ಅಲ್ಲಿಯೇ ಗೂಡು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಕಾವು ಕೊಡುವುದೂ ಮರಿಗಳನ್ನು ಸಾಕುವುದೂ ಗಂಡಿನ ಹೊಣೆ! (ನಮ್ಮ ಮನೆಯ ಹೆಂಗಸರಿಗೆ ಈ ಸಂಗತಿ ಬಹಳ ಹಿಡಿಸಿತು.) ಎಲೆ ಬಾಚಿದರೆ ಸಂಸಾರವೇ ಹೋದಂತೆ. ಸಿಳ್ಳೆಬಾತು, ಹುಂಡುಕೋಳಿಗಳಿಗೂ ಅಡಗಲು ಜೊಂಡು ಬೇಕು. ದಡದ ಸುತ್ತ ಕಲ್ಲು ಕಟ್ಟಿದರೆ ಅವು ಎಲ್ಲಿಗೆ ಹೋಗಬೇಕು?

ಕೆರೆಯನ್ನೇ ಮುಚ್ಚುವ ಅಂತರಗಂಗೆಯನ್ನು ತೆಗೆಯಲೇಬೇಕು, ಕೊಳಚೆ ಸೇರಲೇಬಾರದು, ಅದರಲ್ಲಿ ತಕರಾರಿಲ್ಲ. ನಡಿಗೆಯ ದಾರಿಯೂ ಇರಲಿ. ಆದರೆ ಜನಸಂಚಾರ ಕಡಿಮೆಯಿರುವ ಒಂದು ಮೂಲೆಗೆ ಕಲ್ಲು ಕಟ್ಟದೆ, ಮಳೆಗಾಲ ಮುಗಿಯುವವರೆಗೆ ಕಳೆ ಕೀಳದೆ ಬಿಡಬೇಕೆಂದು ಉಡುಪಿ ನಗರಸಭೆಯನ್ನು ನಾವು ಕೇಳಬೇಕು. ಆನೆಕೆರೆಯ ಬಗ್ಗೆ ಕಾರ್ಕಳದ ಶಿಷ್ಯರು ತಮ್ಮ ಪುರಸಭೆಯನ್ನೂ ಕೇಳಲಿ. ಅರ್ಜಿ ಬರೆದು ತನ್ನಿ, ಕಾಗುಣಿತ ನಾನು ತಿದ್ದಿಕೊಡುತ್ತೇನೆ.