ದಾರಿಯಲ್ಲಿ ಮುರಿಯುವ ಗಾಳದ ಕೋಲು

ದೀಪಾವಳಿ ರಜೆಗೆ ಊರಿಗೆ ಹೊರಡುವ ಸಮಯ. ನಮ್ಮ ಕುಂದಾಪುರದ ಕಡೆಯವರ ಲಗೇಜಿನಲ್ಲಿ ಮುಂಬಯಿಯ ಫರಸಾಣ, ಅಮ್ಮನಿಗೆ ಸೀರೆ, ಮಕ್ಕಳ ಬಟ್ಟೆ ಇದ್ದೇ ಇರುತ್ತವೆ. ನನ್ನ ಲಗೇಜಿನಲ್ಲಿ ಇವುಗಳ ಜೊತೆಗೆ ನಾಲ್ಕಡಿ ಉದ್ದದ ಬಿಳಿ ಪೈಪೂ ಇರುತ್ತದೆ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಒಬ್ಬರು "ಪ್ಲಂಬಿಂಗ್ ಕೆಲಸವಾ?" ಎಂದು ಕೇಳಿದ್ದೂ ಉಂಟು. ಒಳಗಿರುವುದು ಗಾಳದ ಕೋಲು.

ಈ ಪೈಪಿನ ಹಿಂದೆ ಒಂದು ಕತೆಯಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪಯ್ಯನಿಗೆಂದು ಏಳಡಿಯ ಕಾರ್ಬನ್ ಫೈಬರ್ ರಾಡ್ ಕೊಂಡಿದ್ದೆ. ಅಲ್ಲಿಯವರೆಗೆ ಅವರು ಬಿದಿರಿನ ಕೋಲು ಹಿಡಿದು ಪಂಚಗಂಗಾವಳಿಯ ದಡದಲ್ಲಿ ಕೂತು ಕಾಣೆ ಹಿಡಿದವರು. ನಾನು ರಾಡನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನ ಡಿಕ್ಕಿಯಲ್ಲಿ ಇಟ್ಟೆ. ಬೆಳಿಗ್ಗೆ ಊರಲ್ಲಿಳಿದು ಬಿಚ್ಚಿದರೆ ತುದಿ ಮುರಿದಿತ್ತು.

"ಮೀನ್ ಎಳ್ದ್ ಮುರಿದ್ರ್ ಅಡ್ಡಿಲ್ಲ, ದಾರಿಯಂಗೆ ಮುರ್ಕಂಡ್ ಬಂದ್ಯಲ್ಲ ಮಾರಾಯ!" ಎಂದರು ಅಪ್ಪಯ್ಯ. ಬೈಯಲಿಲ್ಲ. ಮುರಿದ ಜಾಗವನ್ನು ನೀಟಾಗಿ ಕತ್ತರಿಸಿ, ತುದಿಗೆ ಸ್ವಲ್ಪ ದೊಡ್ಡ ಉಂಗುರ ತಂದು ಅಂಟಿಸಿದರು. ನಾಲ್ಕು ಇಂಚು ಗಿಡ್ಡವಾದ ಆ ಕೋಲಿನಲ್ಲಿ ಕೆಲವು ದಿನ ಹಿಡಿದೂ ನೋಡಿದರು. ಆದರೆ ರಾಡಿನ ಜೀವ ಇರುವುದೇ ಆ ತೆಳು ತುದಿಯಲ್ಲಿ. "ಮೀನ್ ಮುಟ್ಟಿದ್ದ್ ಕೈಗೆ ಗೊತ್ತಾತಿಲ್ಲ" ಎಂದು ಮತ್ತೆ ಬಿದಿರಿಗೇ ಮರಳಿದರು. ನನ್ನ ಉಡುಗೊರೆ ಅಟ್ಟ ಸೇರಿತು.

ಗಾಳದ ಕೋಲುಗಳು ಮೀನಿಗಿಂತ ಹೆಚ್ಚಾಗಿ ಕಾರಿನ ಬಾಗಿಲಿಗೆ, ಸೂಟ್‌ಕೇಸಿನ ಭಾರಕ್ಕೆ ಮುರಿಯುತ್ತವೆ ಎಂಬುದು ನನಗೆ ಆಮೇಲೆ ತಿಳಿಯಿತು. ಕಾರ್ಬನ್ ಫೈಬರ್ ಬಿಲ್ಲಿನಂತೆ ಬಗ್ಗುತ್ತದೆ, ಆದರೆ ಪಕ್ಕದಿಂದ ಬಿದ್ದ ಪೆಟ್ಟನ್ನು ತಾಳುವುದಿಲ್ಲ. ಪೆಟ್ಟು ಬಿದ್ದಾಗ ಕಣ್ಣಿಗೆ ಕಾಣದ ಬಿರುಕು ಮೂಡಿ, ಮುಂದೆಂದೋ ದೊಡ್ಡ ಮೀನು ಎಳೆದಾಗ ಅಲ್ಲೇ ಮುರಿಯುತ್ತದೆ. ಆಗ ನಾವು ಕಂಪನಿಯನ್ನು ಬೈಯುತ್ತೇವೆ!

ಇದಕ್ಕೆ ಮದ್ದು ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ. ಏಳಡಿಯ ರಾಡನ್ನು ಎರಡು ತುಂಡು ಮಾಡಿದರೆ ಒಂದೊಂದೂ ಮೂರೂವರೆ ಅಡಿ. ಮೂರು ಇಂಚು ಅಗಲ, ನಾಲ್ಕಡಿ ಉದ್ದದ ಪಿವಿಸಿ ಪೈಪ್ ಸಾಕು. ಒಂದು ಬದಿಗೆ ಮುಚ್ಚಳ ಅಂಟಿಸಿ, ಇನ್ನೊಂದು ಬದಿಗೆ ತಿರುಗಿಸಿ ತೆಗೆಯುವ ಮುಚ್ಚಳ ಹಾಕಿಸಿ. ಎರಡೂ ಕೊನೆಗೆ ಸ್ಪಂಜು ತುರುಕಿ. ಎರಡು ತುಂಡುಗಳ ನಡುವೆ ಹಳೆಯ ಪಂಚೆಯ ಬಟ್ಟೆ ಸುತ್ತಿ, ಎರಡು ಕಡೆ ಸಡಿಲವಾಗಿ ಕಟ್ಟಿ. ಅಲುಗಾಡಿಸಿದರೆ ಒಳಗೆ ಸದ್ದು ಬರಬಾರದು. ರೀಲನ್ನು ಕಳಚಿ, ಬಟ್ಟೆಗಳ ನಡುವೆ ಬೇರೆ ಇಡಿ. ಕೊಕ್ಕೆಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ.

ವಿಮಾನದಲ್ಲಿ ಹೋಗುವವರು ಕೊಕ್ಕೆ, ಚಾಕುಗಳನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಪೈಪಿನ ಉದ್ದ ಹೇಳಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ರೈಲಿನಲ್ಲಾದರೆ ಕೆಳಗಿನ ಬರ್ತಿನ ಅಡಿಯಲ್ಲಿ, ಗೋಡೆಯ ಬದಿಗೆ ಇಡಿ. ಮತ್ಸ್ಯಗಂಧ ಎಂಬ ಹೆಸರಿನ ರೈಲಿನಲ್ಲಿ ಗಾಳದ ಕೋಲಿಗೆ ಜಾಗ ಸಿಗದಿರುತ್ತದೆಯೇ?

ಒಂದು ಮಾತನ್ನು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಬೇಡಿ. ಕೊಂಕಣ ರೈಲು ಮಾರ್ಗ 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡಿದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹರಿಸುತ್ತದೆ. ಕೋಲು ತಂತಿಗೆ ತಾಗಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಪ್ರಾಣಕ್ಕೆ ಅಪಾಯ. ಸೆಲ್ಫಿಗೋಸ್ಕರವೂ ಪ್ಲಾಟ್‌ಫಾರ್ಮಿನಲ್ಲಿ ರಾಡ್ ಜೋಡಿಸಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಹೊಳೆದಡದ ಕರೆಂಟ್ ಲೈನಿನ ಕೆಳಗೂ ಇದೇ ಎಚ್ಚರ ಇರಲಿ.

ಮರಳಿ ಹೊರಡುವಾಗ ಉಪ್ಪುನೀರು ತಾಗಿದ ರಾಡು, ರೀಲುಗಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿಯೇ ಪೈಪಿಗೆ ಹಾಕಿ. ಒದ್ದೆಯಾಗಿಯೇ ಮುಚ್ಚಿಟ್ಟರೆ ಉಂಗುರಗಳಿಗೆ ತುಕ್ಕು ಹಿಡಿಯುತ್ತದೆ.

ಈ ಸಲ ಅಪ್ಪಯ್ಯನಿಗೆ ಮತ್ತೊಂದು ರಾಡ್ ಒಯ್ಯುತ್ತಿದ್ದೇನೆ. ಅವರಿಗೀಗ ಎಪ್ಪತ್ತನಾಲ್ಕು. ಬಿದಿರಿನ ಕೋಲು ಕೈಗೆ ಭಾರವಾಗುತ್ತಿದೆ ಎಂದು ಅಮ್ಮ ಹೇಳಿದಳು, ಅವರು ಹೇಳಲಿಲ್ಲ. ನಿನ್ನೆ ಫೋನಿನಲ್ಲಿ ಪೈಪು, ಸ್ಪಂಜು, ಮುಚ್ಚಳ ಎಂದು ಎಲ್ಲ ವಿವರಿಸಿದೆ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟೇ:

"ಕೋಲ್ ಹೆಂಗೂ ಬತ್ತ್. ನೀನ್ ರೈಲಿನ್ ಬಾಗ್ಲಂಗೆ ನಿಂತ್ಕಣ್ಬೇಡ."