ಬಿಟ್ಟಿ ಯಾವುದು, ರಿಲೀಫ್ ಯಾವುದು? (ಮನೆ ಲೆಕ್ಕ, ಭಾಗ 7)

"ಹೆಂಗಸರು ಎರಡು ಸಾವಿರಕ್ಕೆ ವೋಟ್ ಮಾರ್ಕೊಂಡ್ರು." 2023ರ ಚುನಾವಣೆ ಆದ್ಮೇಲೆ ಈ ಮಾತನ್ನ ಕ್ಯಾಂಟೀನಲ್ಲಿ, ಬಸ್ಸಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದೀನಿ. ನಾನು ಒಪ್ಪಲ್ಲ. ಯಾಕೆ ಅಂತ ಪೂರ್ತಿ ಓದಿ, ಆಮೇಲೆ ಬೈಯಿರಿ 🙏

ಆ ಮೇ ತಿಂಗಳಲ್ಲಿ ಗ್ಯಾಸ್ ಸಿಲಿಂಡರ್ 1,100 ರೂಪಾಯಿ ದಾಟಿತ್ತು. ಕೂಲಿ ಮಾಡೋ ಮನೆಗೆ ಅದು ಎರಡು-ಮೂರು ದಿನದ ದುಡಿಮೆ. ಅಂಥ ಮನೆ ಯಜಮಾನಿಗೆ ತಿಂಗಳಿಗೆ 2,000, ಜೊತೆಗೆ ಫ್ರೀ ಬಸ್ ಅಂದ್ರೆ ಸಂತೆ ಖರ್ಚು, ಮಕ್ಕಳ ಫೀಸು, ಗಾರ್ಮೆಂಟ್ಸಿಗೆ ಹೋಗಿಬರೋ ಚಾರ್ಜು. ಮನೆ ಖರ್ಚು ನೋಡ್ಕೊಂಡು ವೋಟ್ ಹಾಕೋದು ತಪ್ಪಾ?

ಈಗ ದೆಹಲಿಗೆ ಬನ್ನಿ. 2025ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಲ್ಲಿ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂದ್ರು. ನಾಲ್ಕೇ ದಿನಕ್ಕೆ ಅಲ್ಲಿ ಮತದಾನ. ಸರ್ಕಾರಿ ನೌಕರರು, ಸಂಬಳದಾರರು ತುಂಬಿರೋ ಊರು. ಬಿಜೆಪಿ 70ರಲ್ಲಿ 48 ಗೆದ್ದಿತು. ಗೆಲುವಿಗೆ ಬೇರೆ ಕಾರಣಗಳೂ ಇದ್ವು, ಸರಿ. ಆದ್ರೆ "ದೆಹಲಿಯೋರು ಟ್ಯಾಕ್ಸಿಗೋಸ್ಕರ ವೋಟ್ ಮಾರ್ಕೊಂಡ್ರು" ಅಂತ ಯಾರಾದ್ರೂ ಅಂದಿದ್ದು ಕೇಳಿದೀರಾ? ನಾನಂತೂ ಕೇಳಿಲ್ಲ. ಅದಕ್ಕೆ ಹೆಸರು "ರಿಲೀಫ್".

ಕಾಮರ್ಸ್ ಓದೋರು ಇಲ್ಲಿ ಸ್ವಲ್ಪ ನಿಲ್ಲಿ. ಖಜಾನೆಯಿಂದ ಹೋದ ದುಡ್ಡಾಗಲಿ, ಖಜಾನೆಗೆ ಬರದೇ ಉಳಿದ ದುಡ್ಡಾಗಲಿ, ಕೊರತೆ ಬೀಳೋದು ಒಂದೇ ಲೆಕ್ಕದಲ್ಲಿ. ಈ ವಿನಾಯಿತಿಯಿಂದ ಸುಮಾರು 1 ಲಕ್ಷ ಕೋಟಿ ಬಿಟ್ಟುಕೊಟ್ಟ ಹಾಗಾಯ್ತು ಅಂತ ಹಣಕಾಸು ಸಚಿವೆಯೇ ಬಜೆಟ್ ಭಾಷಣದಲ್ಲಿ ಹೇಳಿದ್ರು. ನಮ್ಮ ರಾಜ್ಯ 2024-25ರಲ್ಲಿ ಐದೂ ಗ್ಯಾರಂಟಿಗೆ ಎತ್ತಿಟ್ಟಿದ್ದು ಸುಮಾರು 52,000 ಕೋಟಿ.

"ಟ್ಯಾಕ್ಸ್ ನಾವು ದುಡಿದ ದುಡ್ಡು" ಅಂತೀರಾ? ಹೌದು. ಆದ್ರೆ ಆ ಗಾರ್ಮೆಂಟ್ಸ್ ಅಕ್ಕನೂ ಸೋಪು, ಬಿಸ್ಕತ್ತು ತಗೊಂಡಾಗೆಲ್ಲ ಜಿಎಸ್‌ಟಿ ಕಟ್ತಾರೆ. ಅದೂ ದುಡಿದ ದುಡ್ಡೇ.

ಇನ್ನು "ಮಾರ್ಕೊಂಡ್ರು" ಅನ್ನೋ ಮಾತು. 2023ರಲ್ಲಿ ಕಾಂಗ್ರೆಸ್ಸಿಗೆ 224ರಲ್ಲಿ 135 ಸೀಟು ಕೊಟ್ಟ ಇದೇ ಕರ್ನಾಟಕ, ಗ್ಯಾರಂಟಿ ದುಡ್ಡು ಕೈಗೆ ಬರ್ತಿರುವಾಗಲೇ 2024ರ ಲೋಕಸಭೆಗೆ 28ರಲ್ಲಿ ಕೊಟ್ಟಿದ್ದು 9. ಮಾರಿಹೋದ ವೋಟು ಹೀಗೆ ವಾಪಸ್ ಬರುತ್ತಾ?

ಗ್ಯಾರಂಟಿನ ಪ್ರಶ್ನೆ ಮಾಡ್ಬೇಡಿ ಅಂತಿಲ್ಲ. ಕಂತು ತಡ ಆದ್ರೆ, ರಸ್ತೆಗೆ, ಶಾಲೆಗೆ ದುಡ್ಡು ಸಾಲದೇ ಹೋದ್ರೆ ಕೇಳ್ಲೇಬೇಕು. ಅದೇ ಪ್ರಶ್ನೆನ ಟ್ಯಾಕ್ಸ್ ವಿನಾಯಿತಿಗೂ ಕೇಳೋಣ. ನಾಳೆ ಸಂಬಳ ಬಂದ್ರೆ ಅದು ನನಗೂ ಇಷ್ಟ ಆಗುತ್ತೆ. ಆಗ ಎರಡು ಸಾವಿರ ತಗೊಳ್ಳೋ ಅಕ್ಕನ್ನ ಹಂಗಿಸೋ ಹಕ್ಕು ನನಗೆ ಬರಲ್ಲ.

ನಿಮ್ಮನೆಗೆ ಯಾವುದು ಬರ್ತಿದೆ, ಬಿಟ್ಟಿನಾ ರಿಲೀಫಾ? ಕಾಮೆಂಟಲ್ಲಿ ಹೇಳಿ 👇

#ಮನೆಲೆಕ್ಕ #ಬಿಕಾಂಮಾತು #ಗ್ಯಾರಂಟಿ